ಓದು ಬರದ ಮಕ್ಕಳು, ಮನೆಶಾಲೆ ಮತ್ತು ನನ್ನ ಟ್ಯೂಷನ್ ಕೋಣೆ

ಆರನೇ ಕ್ಲಾಸು, ಏಳನೇ ಕ್ಲಾಸು ಮುಟ್ಟಿದ ಎಷ್ಟೋ ಮಕ್ಕಳಿಗೆ ಓದಲು ಬರುವುದಿಲ್ಲ. ಇದನ್ನು ನೇರವಾಗಿ ಹೇಳಿಬಿಡಬೇಕು, ಯಾಕೆಂದರೆ ಅಂಕಪಟ್ಟಿ ನೋಡಿದರೆ ಗೊತ್ತಾಗುವುದೇ ಇಲ್ಲ. ಅಂಕಪಟ್ಟಿಯಲ್ಲಿ ಎ ಪ್ಲಸ್ ಇರುತ್ತದೆ. ಕೈಬರಹ ದುಂಡಾಗಿರುತ್ತದೆ. ನೋಟ್ಸ್ ತುಂಬಾ ಕೆಂಪು ಶಾಯಿಯ ರೈಟ್ ಮಾರ್ಕು. ಆದರೆ ಹಿಂದೆ ನೋಡಿರದ ಹತ್ತು ಸಾಲಿನ ಸಣ್ಣ ಕಥೆಯೊಂದನ್ನು ಕೈಗೆ ಕೊಟ್ಟು, "ಓದಿ ಹೇಳು, ಇದರಲ್ಲಿ ಏನಾಯ್ತು?" ಅಂದರೆ ಮಗು ಸುಮ್ನೆ ಮುಖ ನೋಡುತ್ತದೆ.

ನಾನು ತುಮಕೂರಿನಲ್ಲಿ ಸಂಜೆ ಹೊತ್ತು ಮನೆಯಲ್ಲೇ ಟ್ಯೂಷನ್ ಮಾಡುತ್ತೇನೆ. ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಸುತ್ತಮುತ್ತಲಿನ ಬೀದಿಗಳ ಮಕ್ಕಳು ಬರುತ್ತಾರೆ. ಸರ್ಕಾರಿ ಶಾಲೆಯವರೂ ಇದ್ದಾರೆ, ಹಳದಿ ವ್ಯಾನಿನಲ್ಲಿ ಇಂಗ್ಲಿಷ್ ಮೀಡಿಯಂಗೆ ಹೋಗಿ ಬರುವವರೂ ಇದ್ದಾರೆ. ಮನೆಯಲ್ಲಿ ಕನ್ನಡ ಆಡುವವರು, ತೆಲುಗು ಆಡುವವರು, ಉರ್ದು ಆಡುವವರು ಎಲ್ಲರೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಮೊದಲು ಲೆಕ್ಕ, ವಿಜ್ಞಾನ ಹೇಳಿಕೊಡುವುದೇ ನನ್ನ ಕೆಲಸವಾಗಿತ್ತು. ಈಗ ಹೆಚ್ಚು ಹೊತ್ತು ಓದಿಸುವುದಕ್ಕೇ ಹೋಗುತ್ತದೆ, ಯಾಕೆಂದರೆ ಓದಿನ ಲೆಕ್ಕಗಳಲ್ಲಿ ಮಗುವಿಗೆ ಲೆಕ್ಕ ಬಾರದೆ ತಪ್ಪಾಗುವುದು ಕಡಿಮೆ, ಪ್ರಶ್ನೆಯೇ ಅರ್ಥವಾಗದೆ ತಪ್ಪಾಗುವುದು ಜಾಸ್ತಿ. "ರಾಮುವಿನ ಬಳಿ ಗೀತಾಗಿಂತ 12 ಗೋಲಿ ಕಡಿಮೆ ಇವೆ" ಅಂತ ಬರೆದಿದ್ದರೆ ಕೂಡಬೇಕಾ ಕಳೆಯಬೇಕಾ ಅಂತ ನನ್ನ ಬಾಯಿಯಿಂದ ಕೇಳಿದ ಮೇಲೇ ಪೆನ್ಸಿಲ್ ಎತ್ತುತ್ತಾರೆ.

ಈ ಮಕ್ಕಳು ಪರೀಕ್ಷೆ ಹೇಗೆ ಪಾಸಾಗುತ್ತಾರೆ ಅಂತ ನೀವು ಕೇಳಬಹುದು. ಅದಕ್ಕೊಂದು ದಾರಿಯನ್ನು ಅವರೇ ಕಂಡುಕೊಂಡಿದ್ದಾರೆ. "ರೈತನು ಸಂತೆಗೆ ಏಕೆ ಹೋದನು?" ಅಂತ ಪ್ರಶ್ನೆ ಇದ್ದರೆ, ಪಾಠದಲ್ಲಿ "ಸಂತೆಗೆ" ಅನ್ನುವ ಪದ ಎಲ್ಲಿದೆ ಅಂತ ಹುಡುಕಿ, ಆ ಸಾಲನ್ನು ಹಾಗೇ ಇಳಿಸುತ್ತಾರೆ. ಉತ್ತರ ಸರಿಯಾಗಿರುತ್ತದೆ. ಅಂಕ ಬರುತ್ತದೆ. ಸಂತೆ ಅಂದರೇನು, ರೈತನಿಗೆ ಏನು ಬೇಕಿತ್ತು, ಯಾವುದೂ ತಿಳಿದಿರುವುದಿಲ್ಲ. ಹುಡುಕಲು ಬಾರದವರಿಗೆ ಶಾಲೆಯಲ್ಲೇ ಬೋರ್ಡ್ ಮೇಲೆ ಪ್ರಶ್ನೋತ್ತರ ಬರೆದುಕೊಡುತ್ತಾರೆ, ಮಕ್ಕಳು ಅದನ್ನು ಕಾಪಿ ಮಾಡಿ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಗೂ ಅದೇ ಪ್ರಶ್ನೆ ಬರುತ್ತದೆ. ಒಮ್ಮೆ ಒಬ್ಬ ಹುಡುಗನಿಗೆ "ರೈತನ ಜಾಗದಲ್ಲಿ ನೀನಿದ್ದಿದ್ರೆ ಏನು ಮಾಡ್ತಿದ್ದೆ?" ಅಂತ ಕೇಳಿದೆ. "ಮಿಸ್, ಅದು ಲೆಸನ್‌ನಲ್ಲಿ ಇಲ್ಲ" ಅಂದ. ಜಾಣ ಹುಡುಗ, ಕ್ರಿಕೆಟ್ ಬಗ್ಗೆ ಕೇಳಿದರೆ ನಿಲ್ಲಿಸದೆ ಮಾತಾಡುತ್ತಾನೆ. ಪುಸ್ತಕದ ಮುಂದೆ ಕೂತಾಗ ಮಾತ್ರ ತನ್ನ ತಲೆಯನ್ನು ಬಳಸಬಾರದು ಅಂತ ಅವನಿಗೆ ಯಾರೋ ಕಲಿಸಿಬಿಟ್ಟಿದ್ದಾರೆ.

ಬರವಣಿಗೆಯ ಕಥೆ ಇನ್ನೂ ಬೇಸರದ್ದು. ಒತ್ತಕ್ಷರ ಬಂದ ಕಡೆಯೆಲ್ಲ ಎಡವುತ್ತಾರೆ. "ಪುಸ್ತಕ" ಹೋಗಿ "ಪುಸತಕ" ಆಗುತ್ತದೆ, "ಅಮ್ಮ" ಹೋಗಿ "ಅಮ". ದೀರ್ಘ ಯಾವುದು, ಹ್ರಸ್ವ ಯಾವುದು ಅನ್ನುವ ವ್ಯತ್ಯಾಸ ಕಿವಿಗೇ ಬಿದ್ದಿರುವುದಿಲ್ಲ. ನಮ್ಮ ಹಳೇ ಮೈಸೂರಿನ ಕಡೆ ಅ ಕಾರ ಹ ಕಾರ ಅದಲುಬದಲಾಗುವುದು ಮೊದಲಿನಿಂದಲೂ ಇದೆ, ಅದರ ಬಗ್ಗೆ ನನಗೆ ತಕರಾರಿಲ್ಲ, ಓದುತ್ತ ಓದುತ್ತ ತಾನಾಗೇ ಸರಿಯಾಗುತ್ತದೆ. ಆದರೆ ಈಗ ಓದುವುದೇ ಇಲ್ಲವಲ್ಲ, ಸರಿಯಾಗುವುದು ಎಲ್ಲಿಂದ? ಸಂಖ್ಯೆಗಳನ್ನು ಕೇಳಿ ನೋಡಿ. "ಐವತ್ತೊಂಬತ್ತು" ಅಂದರೆ "ಫಿಫ್ಟಿ ನೈನಾ, ಸಿಕ್ಸ್ಟಿ ನೈನಾ ಮಿಸ್?" ಅಂತ ತಿರುಗಿ ಕೇಳುತ್ತಾರೆ. ಹಾಗಂತ ಇಂಗ್ಲಿಷ್ ಬರುತ್ತದಾ ಅಂದರೆ ಅದೂ ಇಲ್ಲ. ಇಂಗ್ಲಿಷ್ ಪಾಠವನ್ನು ಗಡಗಡ ಓದುತ್ತಾರೆ, ಉಚ್ಚಾರವೂ ಚೆನ್ನಾಗಿರುತ್ತದೆ, ಕೇಳಿದವರಿಗೆ ಖುಷಿಯಾಗುತ್ತದೆ. ಮಧ್ಯದಲ್ಲಿ ನಿಲ್ಲಿಸಿ "ಇಲ್ಲಿ ಯಾರು ಯಾರಿಗೆ ಹೇಳ್ತಿದ್ದಾರೆ?" ಅಂದರೆ ಗೊತ್ತಿಲ್ಲ. ಎರಡು ಭಾಷೆಯ ನಡುವೆ ನಿಂತು, ಒಂದರಲ್ಲೂ ಐದು ವಾಕ್ಯ ಸ್ವಂತವಾಗಿ ಜೋಡಿಸಲಾಗದ ಮಕ್ಕಳು ಇವರು.

ಇದು ನಮ್ಮ ಬೀದಿಯ ಕಥೆ ಮಾತ್ರ ಅಂದುಕೊಳ್ಳಬೇಡಿ. ಪ್ರಥಮ್ ಸಂಸ್ಥೆ 2005ರಿಂದ ಅಸರ್ ಅನ್ನುವ ಸಮೀಕ್ಷೆ ಮಾಡುತ್ತಿದೆ. ಹಳ್ಳಿಗಳ ಮನೆಮನೆಗೆ ಹೋಗಿ, ಒಂದೊಂದೇ ಮಗುವನ್ನು ಕೂರಿಸಿ ಓದಿಸುತ್ತಾರೆ. ಅಕ್ಷರ, ಪದ, ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಾಲು, ಎರಡನೇ ಕ್ಲಾಸಿನ ಮಟ್ಟದ ಪುಟ್ಟ ಕಥೆ, ಹೀಗೆ ನಾಲ್ಕು ಹಂತ. ಅಷ್ಟೇ ಪರೀಕ್ಷೆ. ಐದನೇ ಕ್ಲಾಸಿನ ಮಕ್ಕಳಲ್ಲಿ ಈ ಎರಡನೇ ಕ್ಲಾಸಿನ ಕಥೆ ಓದಬಲ್ಲವರು ದೇಶದಲ್ಲಿ 2018ರಲ್ಲಿ ನೂರಕ್ಕೆ 50ರಷ್ಟಿದ್ದರು. ಕೋವಿಡ್ ಆದ ಮೇಲೆ, 2022ರಲ್ಲಿ ಅದು 43ರ ಹತ್ತಿರಕ್ಕೆ ಇಳಿಯಿತು. 2024ರಲ್ಲಿ ಮತ್ತೆ 49ರ ಹತ್ತಿರ ಬಂದಿದೆ. ಸರ್ಕಾರಿ ಶಾಲೆಗಳದ್ದಷ್ಟೇ ತೆಗೆದರೆ 2024ರಲ್ಲಿ 45ರಷ್ಟು. ಚೇತರಿಸಿಕೊಂಡಿದ್ದಾರೆ ಅಂತ ಪತ್ರಿಕೆಗಳಲ್ಲಿ ಬಂತು, ಸಂತೋಷವೇ. ಆದರೆ ಚೇತರಿಸಿಕೊಂಡು ತಲುಪಿದ ಜಾಗ ಯಾವುದು ನೋಡಿ. ಐದು ವರ್ಷ ಶಾಲೆಗೆ ಹೋದ ಮೇಲೂ ಇಬ್ಬರಲ್ಲಿ ಒಬ್ಬರಿಗೆ ಎರಡನೇ ಕ್ಲಾಸಿನ ಕಥೆ ಓದಲಾಗುವುದಿಲ್ಲ. ಕರ್ನಾಟಕದ ಅಂಕಿ 2022ರಲ್ಲಿ ದೇಶದ ಸರಾಸರಿಗಿಂತಲೂ ಕೆಳಗಿತ್ತು, ಅದನ್ನು ಓದಿದ ದಿನ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಯಾಕೆ ಹೀಗೆ? ಕೋವಿಡ್ ಒಂದು ಕಾರಣ, ಒಪ್ಪುತ್ತೇನೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ಕ್ಲಾಸಿಗೆ ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. ಅಕ್ಷರ ಕೂಡಿಸಿ ಓದಲು ಕಲಿಯುವ ಆ ಒಂದೂವರೆ ವರ್ಷ ಹಾಗೇ ಹೋಯಿತು. ವಿದ್ಯಾಗಮ ಅಂತ ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಅರಳಿಕಟ್ಟೆಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು, ಸೋಂಕು ಜಾಸ್ತಿಯಾಗಿ ಅದನ್ನೂ ನಿಲ್ಲಿಸಬೇಕಾಯಿತು. ಆಮೇಲೆ ಕಲಿಕಾ ಚೇತರಿಕೆ ಅಂತ ಒಂದು ವರ್ಷ ಬಂತು. ಶಾಲೆ ಮುಚ್ಚಿದ್ದಾಗ ಒಂದನೇ ಕ್ಲಾಸಿಗೆ ಸೇರಿದವರು ಈಗ ಹೈಸ್ಕೂಲಿನ ಹೊಸ್ತಿಲಿಗೆ ಬರುತ್ತಿದ್ದಾರೆ, ಬಿಟ್ಟುಹೋದ ಒತ್ತಕ್ಷರಗಳು ಬಿಟ್ಟೇಹೋಗಿವೆ. ಆದರೂ ಕೋವಿಡ್‌ಗಿಂತ ಮೊದಲು 2018ರಲ್ಲೇ ಅರ್ಧಕ್ಕರ್ಧ ಮಕ್ಕಳಿಗೆ ಬರುತ್ತಿರಲಿಲ್ಲ ಅನ್ನುವುದನ್ನು ಮರೆಯಬಾರದು.

ನನ್ನ ಪ್ರಕಾರ ದೊಡ್ಡ ಕಾರಣ ಅವಸರ. ಕನ್ನಡ ಲಿಪಿ ನಿಧಾನ ಕೇಳುವ ಲಿಪಿ. 49 ಅಕ್ಷರ ಕಲಿತರೆ ಮುಗಿಯುವುದಿಲ್ಲ. 34 ವ್ಯಂಜನಗಳಿಗೆ ಒಂದೊಂದಕ್ಕೂ ಕಾಗುಣಿತ ಸೇರಿಸಿದರೆ ನಾನೂರಕ್ಕೂ ಹೆಚ್ಚು ರೂಪಗಳು, ಅದರ ಮೇಲೆ ಒತ್ತಕ್ಷರಗಳು, ಅರ್ಕಾವತ್ತು. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಅನ್ನುವ ಸಂಶೋಧಕಿ ಮಾಡಿದ ಕೆಲಸ 2007ರಲ್ಲಿ ಪ್ರಕಟವಾಯಿತು. ಅಕ್ಷರಗಳ ಪೂರ್ತಿ ಹಿಡಿತ ಬರುವುದು ಒಂದೆರಡು ವರ್ಷದಲ್ಲಿ ಆಗುವ ಮಾತಲ್ಲ, ನಾಲ್ಕನೇ ಕ್ಲಾಸಿನವರೆಗೂ ಅದು ನಡೆಯುತ್ತಲೇ ಇರುತ್ತದೆ ಅಂತ ಅವರು ತೋರಿಸಿದರು. ನಮ್ಮ ವ್ಯವಸ್ಥೆ ಇದನ್ನು ಒಪ್ಪಿಕೊಂಡಂತೆ ಕಾಣುವುದಿಲ್ಲ. ಎರಡನೇ ಕ್ಲಾಸು ಮುಗಿಯುವ ಹೊತ್ತಿಗೆ ಓದು ಬಂದಿದೆ ಅಂತ ಲೆಕ್ಕ ಹಾಕಿ, ಮೂರನೇ ಕ್ಲಾಸಿನಿಂದ ಉದ್ದುದ್ದ ಪರಿಸರ ಅಧ್ಯಯನದ ಪಾಠಗಳನ್ನು ಕೊಡುತ್ತದೆ. ಹಿಂದೆ ಬಿದ್ದ ಮಗುವಿಗಾಗಿ ಅಲ್ಲಿಂದ ಮುಂದೆ ಯಾರೂ ನಿಲ್ಲುವುದಿಲ್ಲ.

ಇಂಗ್ಲಿಷ್ ಮೀಡಿಯಂನಲ್ಲಿ ಅವಸರ ಇನ್ನೂ ಜಾಸ್ತಿ. ಮೂರೂವರೆ ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಗೆರೆಯ ಪುಸ್ತಕದಲ್ಲಿ ಕರ್ಸಿವ್ ಬರೆಸುತ್ತಾರೆ. ಮಗುವಿಗೆ ಗೊತ್ತಿಲ್ಲದ ಭಾಷೆ, ಬಲಿಯದ ಬೆರಳು. ಕನ್ನಡ ಶುರುವಾದಾಗ ಅದು ವಾರಕ್ಕೆ ಕೆಲವೇ ಪೀರಿಯಡ್‌ಗಳ ಒಂದು ಸಬ್ಜೆಕ್ಟು. 2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಲೇಬೇಕು. ಅದಕ್ಕೂ ಒಂದು ವರ್ಷ ಮೊದಲು, 2014ರ ಮೇ 6ರಂದು, ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಒತ್ತಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ ಪ್ರಕರಣದಲ್ಲೇ ಹೇಳಿತ್ತು. 2019ರಲ್ಲಿ ಸರ್ಕಾರವೇ ತನ್ನ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ನಾನು ಅಪ್ಪ ಅಮ್ಮಂದಿರನ್ನು ಬೈಯುವುದಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿಗೆ ಮಗಳು ಇಂಗ್ಲಿಷ್ ಕಲಿಯಲಿ ಅನ್ನುವ ಆಸೆ ಇರುವುದು ತಪ್ಪಲ್ಲ, ಅವರ ಅನುಭವ ಅದನ್ನೇ ಹೇಳುತ್ತದೆ. ನನ್ನ ದೂರು ಬೇರೆ. ಆ ತಾಯಿ ಬೆವರು ಸುರಿಸಿ ಫೀಸು ಕಟ್ಟುತ್ತಾಳೆ, ಮಗಳಿಗೆ ಇಂಗ್ಲಿಷ್ ಬರುವುದಿಲ್ಲ. ಆಕೆಗೆ ಮೋಸವಾಗುತ್ತಿದೆ.

ಮತ್ತೆ ಮೇಷ್ಟ್ರುಗಳು. ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು ನನ್ನ ಗೆಳತಿ. ನಲಿಕಲಿ ತರಗತಿಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಒಳ್ಳೆಯ ಪದ್ಧತಿ ಅಂತಲೇ ನಾನು ನಂಬಿದ್ದೇನೆ. ಮಗು ತನ್ನ ವೇಗದಲ್ಲಿ ಏಣಿ ಹತ್ತುತ್ತದೆ, ಕಾರ್ಡುಗಳಿವೆ, ಹಾಡಿದೆ, ಆಟವಿದೆ. ಅಪ್ಪ ಅಮ್ಮಂದಿರು ಮಾತ್ರ "ಅ ಆ ಇ ಈ ಬಿಟ್ಟು ರ ಗ ಸ ದ ಅ ಅಂತ ಹೇಳ್ಕೊಡ್ತಾರಲ್ಲ ಮಿಸ್, ಇದೆಂಥದು?" ಅಂತ ಗಾಬರಿಯಾಗಿ ಬರುತ್ತಾರೆ. ಬರೆಯಲು ಸುಲಭವಾದ, ಕೂಡಿಸಿದರೆ ಬೇಗ ಪದವಾಗುವ ಅಕ್ಷರಗಳನ್ನು ಮೊದಲು ಕಲಿಸುತ್ತಾರೆ, ಅದರಲ್ಲಿ ತಪ್ಪಿಲ್ಲ ಅಂತ ಸಮಾಧಾನ ಹೇಳಿ ಕಳಿಸುತ್ತೇನೆ. ತೊಂದರೆ ಇರುವುದು ಆ ಶಿಕ್ಷಕಿ ತರಗತಿಯಲ್ಲಿ ಎಷ್ಟು ಹೊತ್ತು ಇರುತ್ತಾರೆ ಅನ್ನುವುದರಲ್ಲಿ. ಬಿಸಿಯೂಟದ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಎಸ್‌ಎಟಿಎಸ್ ಅನ್ನುವ ಆನ್‌ಲೈನ್ ದಾಖಲೆಯಲ್ಲಿ ಮಕ್ಕಳ ವಿವರದ ಎಂಟ್ರಿ, ಮತದಾರರ ಪಟ್ಟಿ, ಗಣತಿ. 2025ರಲ್ಲಿ ಸಾಮಾಜಿಕ ಸಮೀಕ್ಷೆಗೆ ಶಿಕ್ಷಕರನ್ನು ಹಾಕಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಅಷ್ಟೂ ದಿನ ಮಕ್ಕಳು ಮನೆಯಲ್ಲಿ, ಮೊಬೈಲ್ ಹಿಡಿದು.

ಮೊಬೈಲ್ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಒಂದೇ ಮಾತು ಸೇರಿಸುತ್ತೇನೆ. ಈಗಿನ ಮಕ್ಕಳು ಮೊಬೈಲಿನಲ್ಲೂ ಓದುವುದಿಲ್ಲ. ಮೈಕ್ ಗುರುತು ಒತ್ತಿ ಬಾಯಲ್ಲಿ ಕೇಳುತ್ತಾರೆ, ವಿಡಿಯೋ ಬರುತ್ತದೆ. ಗೆಳೆಯರಿಗೆ ವಾಯ್ಸ್ ಮೆಸೇಜ್. ಅಕ್ಷರದ ಹಂಗೇ ಇಲ್ಲದೆ ದಿನ ಕಳೆಯಬಹುದು.

ಈಗ ನನ್ನ ತಂಗಿಯ ವಿಷಯಕ್ಕೆ ಬರುತ್ತೇನೆ. ಅವಳು ಬೆಂಗಳೂರಿನಲ್ಲಿದ್ದಾಳೆ. ಮಗನನ್ನು ಮೂರನೇ ಕ್ಲಾಸಿನಲ್ಲಿ ಶಾಲೆ ಬಿಡಿಸಿದಳು. ಅವನು ಹೋಗುತ್ತಿದ್ದ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಫೈನ್ ಹಾಕುತ್ತಿದ್ದರು. ಹುಡುಗ ಇಂಗ್ಲಿಷ್ ಆಡಲು ಬಾರದೆ, ಕನ್ನಡ ಆಡಲು ಹೆದರಿ, ದಿನವಿಡೀ ಮಾತೇ ಆಡದೆ ಕೂರುತ್ತಿದ್ದ. ಬೆಳಗಾದರೆ ಹೊಟ್ಟೆನೋವು. ಡಾಕ್ಟರ ಹತ್ತಿರ ಹೋದರೆ ಏನೂ ಇಲ್ಲ ಅಂದರು. ಭಾನುವಾರ ಮಾತ್ರ ಆ ನೋವು ಬರುತ್ತಿರಲಿಲ್ಲ. ತಂಗಿ ಒಂದು ದಿನ ಫೋನ್ ಮಾಡಿ, "ಅಕ್ಕ, ಇನ್ನು ಕಳಿಸಲ್ಲ ಇವನ್ನ" ಅಂದಳು. ನಮ್ಮ ಮನೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಅವಳ ಅತ್ತೆ ಮಾವ ವಾರಗಟ್ಟಲೆ ಸರಿಯಾಗಿ ಮಾತಾಡಲಿಲ್ಲ. ಶಾಲೆ ಬಿಡಿಸುವುದು ಅಂದರೆ ನಮ್ಮವರ ತಲೆಯಲ್ಲಿ ಬರುವ ಚಿತ್ರವೇ ಬೇರೆ, ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನದ್ದು.

ಮೊದಲ ಕೆಲವು ತಿಂಗಳು ಅವನು ಏನೂ ಓದಲಿಲ್ಲ. ಪುಸ್ತಕ ತೋರಿಸಿದರೆ ಎದ್ದು ಹೋಗುತ್ತಿದ್ದ. ತಂಗಿ ಹೆದರಿದ್ದಳು, ಆದರೂ ಬಲವಂತ ಮಾಡಲಿಲ್ಲ. ಅಷ್ಟರಲ್ಲಿ ನಮ್ಮ ಅಮ್ಮ ಊರಿನಿಂದ ಹೋಗಿ ಅಲ್ಲಿ ಇರತೊಡಗಿದರು. ಅಮ್ಮನಿಗೆ ಕಣ್ಣು ಮಂಜು. ಮಧ್ಯಾಹ್ನ ಹೊತ್ತು ಹೋಗದೆ, "ಈ ಪ್ಯಾಕೆಟ್ ಮೇಲೆ ಏನು ಬರೆದಿದೆ ನೋಡೋ ಮರಿ", "ಆ ಬಸ್ಸು ಎಲ್ಲಿಗೆ ಹೋಗುತ್ತಂತೆ ಓದು" ಅಂತ ಅವನನ್ನೇ ಕೇಳುವುದು. ನಂದಿನಿ ಹಾಲಿನ ಪ್ಯಾಕೆಟ್, ಬಿಎಂಟಿಸಿ ಬಸ್ಸಿನ ಬೋರ್ಡು, ಅಂಗಡಿಗಳ ಹೆಸರು, ಮದುವೆ ಕಾಗದ. ಅಜ್ಜಿಗೆ ನಿಜವಾಗಿಯೂ ಬೇಕಾಗಿದ್ದರಿಂದ ಅವನು ನಿಜವಾಗಿಯೂ ಓದಿದ. ಇದು ಪರೀಕ್ಷೆ ಅಂತ ಅವನಿಗೆ ಅನ್ನಿಸಲೇ ಇಲ್ಲ. ಆಮೇಲೆ ಅಮ್ಮ ತಮ್ಮ ಅಡುಗೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು ಅಂದರು. ಹುಳಿಪುಡಿಗೆ ಧನಿಯ ಎಷ್ಟು, ಮೆಂತ್ಯ ಎಷ್ಟು, ಯಾವುದನ್ನು ಮೊದಲು ಹುರಿಯಬೇಕು, ಕಡಲೆಬೇಳೆ ಹೊಂಬಣ್ಣಕ್ಕೆ ಬಂದಿದ್ದು ಹೇಗೆ ಗೊತ್ತಾಗುತ್ತದೆ. ಅಜ್ಜಿ ಹೇಳುವುದು, ಮೊಮ್ಮಗ ಬರೆಯುವುದು, ಓದಿ ಹೇಳುವುದು, ಅಜ್ಜಿ ತಿದ್ದುವುದು. "ಧನಿಯ"ಕ್ಕೆ ಮಹಾಪ್ರಾಣ ಬಿಟ್ಟಿದ್ದನ್ನು ಅವನೇ ಪುಡಿಯ ಪ್ಯಾಕೆಟ್ ನೋಡಿ ಸರಿ ಮಾಡಿಕೊಂಡ. ಆ ನೋಟ್‌ಬುಕ್ಕನ್ನು ನಾನು ಪುಟಪುಟ ತಿರುವಿ ನೋಡಿದ್ದೇನೆ. ಮೊದಲ ಪುಟಗಳಲ್ಲಿ ಮುರಿದ ಅಕ್ಷರ, ವಾಕ್ಯವೇ ಇಲ್ಲ. ಕೊನೆಯ ಪುಟಗಳಲ್ಲಿ "ಸಣ್ಣ ಉರಿಯಲ್ಲಿ ಹುರಿಯಬೇಕು, ಇಲ್ಲದಿದ್ದರೆ ಸೀದು ಹೋಗಿ ಕಹಿಯಾಗುತ್ತದೆ" ಅಂತ ಪೂರ್ತಿ ವಾಕ್ಯ. ನನ್ನ ಟ್ಯೂಷನ್ನಿನ ಏಳನೇ ಕ್ಲಾಸಿನವರು "ಇಲ್ಲದಿದ್ದರೆ" ಹಾಕಿ ಒಂದು ವಾಕ್ಯವನ್ನು ಸ್ವಂತವಾಗಿ ಬರೆಯುವುದಿಲ್ಲ.

ಮನೆಯಲ್ಲಿ ಕಲಿಯುವುದು ನಮಗೆ ಹೊಸದೇನೂ ಅಲ್ಲ ಅಂತ ನಾನು ನಮ್ಮವರಿಗೆಲ್ಲ ಹೇಳುತ್ತಲೇ ಇದ್ದೆ. ಕುವೆಂಪು ಅವರ ಮೊದಲ ಅಕ್ಷರಾಭ್ಯಾಸ ಕುಪ್ಪಳಿಯ ಮನೆಯಲ್ಲೇ, ದಕ್ಷಿಣ ಕನ್ನಡದಿಂದ ಕರೆಸಿದ ಐಗಳ ಹತ್ತಿರ ಆಗಿದ್ದು. ರವೀಂದ್ರನಾಥ ಟ್ಯಾಗೋರರು ಶಾಲೆ ಸಹಿಸದೆ ಮನೆಯಲ್ಲೇ ಕಲಿತವರು. ಈಚಿನ ಕಾಲದ್ದು ಬೇಕೆಂದರೆ ಮುಂಬೈಯ ಮಾಳವಿಕಾ ರಾಜ್ ಜೋಶಿ. ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು, ಮನೆಯಲ್ಲಿ ಕಲಿತು, ಪ್ರೋಗ್ರಾಮಿಂಗ್ ಒಲಿಂಪಿಯಾಡ್‌ನಲ್ಲಿ ಮೂರು ಸಲ ಪದಕ ಗೆದ್ದು, 2016ರಲ್ಲಿ ಅಮೆರಿಕದ ಎಂಐಟಿ ಸೇರಿದ ಹುಡುಗಿ. ಹನ್ನೆರಡನೇ ಕ್ಲಾಸಿನ ಸರ್ಟಿಫಿಕೇಟ್ ಇಲ್ಲ ಅಂತ ಇಲ್ಲಿ ಐಐಟಿಯ ಬಾಗಿಲು ಅವಳಿಗೆ ತೆರೆಯಲಿಲ್ಲ, ಇದನ್ನೂ ನೆನಪಿಡಬೇಕು.

ಕಾನೂನಿನ ಬಗ್ಗೆ ತುಂಬಾ ಜನ ಕೇಳುತ್ತಾರೆ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯ ಹಕ್ಕು ಕೊಡುತ್ತದೆ, ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅಂತ ಹೇಳುತ್ತದೆ. ಸೇರಿಸದಿದ್ದರೆ ಶಿಕ್ಷೆ ಅಂತ ಹೇಳುವುದಿಲ್ಲ. ಮನೆಯಲ್ಲೇ ಕಲಿಸುವುದರ ಬಗ್ಗೆ ಮಾತೇ ಎತ್ತುವುದಿಲ್ಲ. ಆ ಸಂದಿಯಲ್ಲೇ ಈ ಕುಟುಂಬಗಳು ನಡೆಯುತ್ತಿವೆ. ಸರ್ಟಿಫಿಕೇಟಿಗೆ ಎನ್‌ಐಒಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲೆ ಇದೆ. 3, 5, 8ನೇ ಕ್ಲಾಸಿಗೆ ಸಮನಾದ ಹಂತಗಳಿವೆ, 14 ತುಂಬಿದ ಮೇಲೆ ಹತ್ತನೇ ಕ್ಲಾಸಿನ ಮಟ್ಟದ ಪರೀಕ್ಷೆಗೆ ನೋಂದಾಯಿಸಬಹುದು. ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟುವ ದಾರಿಯೂ ಇದೆ. ಸ್ವಶಿಕ್ಷಣ್ ಅಂತ ಮನೆಶಾಲೆಯ ಪೋಷಕರ ಒಂದು ಸಂಘವೂ ಇದೆ, ಹೊಸಬರು ಹಳಬರನ್ನು ಕೇಳಿ ತಿಳಿದುಕೊಳ್ಳುತ್ತಾರೆ.

ಹಾಗಾದರೆ ಎಲ್ಲರೂ ಬಿಡಿಸಿಬಿಡೋಣವಾ? ನಾನು ಹಾಗೆ ಹೇಳಲಾರೆ.

ನನ್ನ ತಂಗಿ ಕೆಲಸ ಬಿಟ್ಟಳು. ಒಳ್ಳೆಯ ಸಂಬಳದ ಕೆಲಸ. ಅವಳ ಗಂಡನ ಸಂಬಳದಲ್ಲಿ ಮನೆ ನಡೆಯುತ್ತದೆ, ಸಾಲದ ಕಂತು ಕಟ್ಟಿದ ಮೇಲೆ ಕೈ ಬಿಗಿ. ಮನೆಶಾಲೆ ಅಂದಾಗ ಕೆಲಸ ಬಿಡುವುದು ತಾಯಿಯೇ, ತಂದೆ ಬಿಟ್ಟಿದ್ದನ್ನು ನಾನಂತೂ ನೋಡಿಲ್ಲ, ಇದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಹುಡುಗನಿಗೆ ಒಂಟಿತನ ಇದೆ. ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ನಾಲ್ಕು ಗಂಟೆಯವರೆಗೆ ಶಾಲೆಯಲ್ಲಿ, ಆಮೇಲೆ ಅವರಿಗೆ ಟ್ಯೂಷನ್ನು, ಕರಾಟೆ. ಮಗ್ಗಿ ಇವನಿಗೆ ಇನ್ನೂ ಗಟ್ಟಿಯಾಗಿಲ್ಲ, ಗಣಿತದಲ್ಲಿ ಹಿಂದಿದ್ದಾನೆ. ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ತಂಗಿ ಹೋಗುವ ಮನೆಶಾಲೆಯ ಕೂಟಗಳಲ್ಲಿ ಎಲ್ಲವೂ ಇಂಗ್ಲಿಷಿನಲ್ಲೇ ನಡೆಯುತ್ತದೆ. ಪುಸ್ತಕ ಇಂಗ್ಲಿಷು, ವಿಡಿಯೋ ಇಂಗ್ಲಿಷು, ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪೂ ಇಂಗ್ಲಿಷು. ಹತ್ತು ವರ್ಷದ ಮಗು ತಾನೇ ಓದಿಕೊಳ್ಳಬಹುದಾದ, ಚಂದದ ಚಿತ್ರಗಳಿರುವ ವಿಜ್ಞಾನದ ಪುಸ್ತಕ ಕನ್ನಡದಲ್ಲಿ ಹುಡುಕಲು ಹೋದರೆ ಕೆಲವೇ ಸಿಗುತ್ತವೆ. ಅಮ್ಮ ಅಲ್ಲಿ ಹೋಗಿ ಇರದಿದ್ದರೆ ಆ ಹುಡುಗನ ಕನ್ನಡ ಮನೆಯಲ್ಲಿದ್ದೂ ಹೋಗುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಇನ್ನು ನನ್ನ ಟ್ಯೂಷನ್ನಿಗೆ ಬರುವ ಮಕ್ಕಳ ಮನೆಗಳು. ಬೆಳಗ್ಗೆ ಏಳಕ್ಕೆ ಅಪ್ಪ ಆಟೋ ತೆಗೆದುಕೊಂಡು ಹೋದರೆ, ಎಂಟಕ್ಕೆ ಅಮ್ಮ ಫ್ಯಾಕ್ಟರಿಗೆ. ಆ ಮಗುವಿಗೆ ಶಾಲೆ ಅಂದರೆ ಬಿಸಿಯೂಟ, ನೆರಳು, ಗೆಳತಿಯರು, ಬೇಗ ಮದುವೆ ಮಾಡಿಬಿಡುವುದರ ವಿರುದ್ಧ ಒಂದು ರಕ್ಷಣೆ. ಬೇರೆ ಬೇರೆ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣುವ ಜಾಗ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಊಟ, ವಸತಿ, ಪಾಠ ಮೂರನ್ನೂ ಪಡೆದು ಬೆಳೆದಿದ್ದನ್ನು ಕಣ್ಣಾರೆ ಕಂಡ ಊರಿನವಳು ನಾನು. ಶಾಲೆ ಬೇಡ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಮನೆಶಾಲೆ ಕೆಲವರಿಗೆ ಸರಿ, ಶಾಲೆಯಲ್ಲಿ ಮುರಿದುಹೋಗುತ್ತಿರುವ ಮಗುವಿಗೆ ತುಂಬಾ ಸರಿ. ಎಲ್ಲರಿಗೂ ಉತ್ತರ ಅದಲ್ಲ.

ಆದರೆ ತಂಗಿಯ ಮನೆಯಲ್ಲಿ ನಡೆದಿದ್ದರಲ್ಲಿ ಶಾಲೆಗೆ ಹೋಗುವ ಮಗುವಿಗೂ ಕೊಡಬಹುದಾದದ್ದು ಬಹಳ ಇದೆ. ಅಲ್ಲಿ ಕೆಲಸ ಮಾಡಿದ್ದು ಯಾವುದೋ ವಿದೇಶಿ ಪಠ್ಯಕ್ರಮ ಅಲ್ಲ. ಒಬ್ಬ ದೊಡ್ಡವರು ಪಕ್ಕದಲ್ಲಿ ಕೂತು, ಗಡಿಬಿಡಿ ಮಾಡದೆ, ಮಗುವಿನ ಸ್ವಂತ ಭಾಷೆಯಲ್ಲಿ ಮಾತಾಡುತ್ತ ಓದಿಸಿದ್ದು. ಅದನ್ನು ನಾನು ನನ್ನ ಕೋಣೆಗೆ ತಂದೆ. ಮೊದಲ ಅರ್ಧ ಗಂಟೆ ಶಾಲೆಯ ಪುಸ್ತಕ ಮುಟ್ಟುವಂತಿಲ್ಲ. ನಾನು ಒಂದು ಕಥೆ ಗಟ್ಟಿಯಾಗಿ ಓದುತ್ತೇನೆ. ಮಕ್ಕಳು ಕೇಳುತ್ತಾರೆ, ಪುಸ್ತಕ ನೋಡುವ ಹಾಗಿಲ್ಲ. ಆಮೇಲೆ ಅದೇ ಕಥೆಯನ್ನು ದೊಡ್ಡವರೊಬ್ಬರು ಚಿಕ್ಕವರೊಬ್ಬರು ಜೋಡಿಯಾಗಿ ಕೂತು ಓದುತ್ತಾರೆ. ಕಥೆ ಮೊದಲೇ ಕೇಳಿರುವುದರಿಂದ ಮುಂದಿನ ಪದ ಏನಿರಬಹುದು ಅಂತ ಮಗುವಿಗೆ ಅಂದಾಜಿರುತ್ತದೆ, ಅಕ್ಷರಕ್ಕೆ ಹೆದರುವುದಿಲ್ಲ. ಎಡವಿದ ಕಡೆ ಪಕ್ಕದವರು ಹೇಳಿಕೊಡುತ್ತಾರೆ. ಪ್ರಶ್ನೋತ್ತರ ಇಲ್ಲ. ಕಥೆ ನಿನಗೆ ಇಷ್ಟವಾಯ್ತಾ, ಆ ಅಜ್ಜಿ ಮಾಡಿದ್ದು ಸರಿಯಾ, ನಿಮ್ಮ ಮನೆಯಲ್ಲಿ ಹೀಗೆ ಯಾವತ್ತಾದರೂ ಆಗಿದೆಯಾ, ಇಷ್ಟೇ ಮಾತು.

ಬರೆಯುವುದಕ್ಕೆ ದಿನಕ್ಕೆ ಮೂರು ವಾಕ್ಯ, ಅಂದು ನಡೆದಿದ್ದರ ಬಗ್ಗೆ, ಸ್ವಂತದ್ದು. ಉರ್ದು ಮನೆಯ ಹುಡುಗಿಯೊಬ್ಬಳು ರಂಜಾನ್ ತಿಂಗಳಲ್ಲಿ ತನ್ನ ಮನೆಯ ಬೆಳಗಿನ ಜಾವದ ಅಡುಗೆಯ ಬಗ್ಗೆ ಬರೆದಳು. ತಪ್ಪುಗಳಿದ್ದವು, ಆದರೆ ಎಲ್ಲೂ ಕಾಪಿ ಮಾಡಿದ ವಾಕ್ಯ ಇರಲಿಲ್ಲ. ನಾನು ಒಂದು ದಿನಕ್ಕೆ ಒಂದೇ ಬಗೆಯ ತಪ್ಪು ತಿದ್ದುತ್ತೇನೆ, ಇವತ್ತು ಒತ್ತಕ್ಷರ ಅಂದರೆ ಒತ್ತಕ್ಷರ ಮಾತ್ರ. ಪುಟ ತುಂಬಾ ಕೆಂಪು ಶಾಯಿ ಬಿದ್ದರೆ ಮಗು ಮಾರನೇ ದಿನ ಬರೆಯುವುದೇ ಇಲ್ಲ. ವಾರಕ್ಕೊಮ್ಮೆ ಉಕ್ತಲೇಖನ, ಅವರೇ ಬರೆದ ವಾಕ್ಯಗಳಿಂದ ಆರಿಸಿದ ಪದಗಳದ್ದು.

ಮೊದಲು ಕೆಲವು ಅಪ್ಪ ಅಮ್ಮಂದಿರಿಗೆ ಇದು ಸರಿ ಕಾಣಲಿಲ್ಲ. "ಹೋಮ್‌ವರ್ಕ್ ಮುಗಿಸಿ ಮಿಸ್, ಕಥೆ ಯಾಕೆ?" ಅಂದರು. ಒಬ್ಬರು ಮಗನನ್ನು ಬಿಡಿಸಿಕೊಂಡೂ ಹೋದರು. ಉಳಿದವರ ಮಕ್ಕಳಲ್ಲಿ ವ್ಯತ್ಯಾಸ ಕಾಣಲು ಒಂದು ಶಾಲಾ ವರ್ಷ ಹಿಡಿಯಿತು. ಸಮಾಜ ವಿಜ್ಞಾನದ ಪಾಠವನ್ನು ಹೇಳಿಸಿಕೊಳ್ಳದೆ ಓದುವವರು ಈಗ ನನ್ನಲ್ಲಿದ್ದಾರೆ. ಇಂಗ್ಲಿಷ್ ಕೂಡ ಸುಧಾರಿಸಿದೆ. ಕಥೆಯಲ್ಲಿ ಒಂದಾದ ಮೇಲೊಂದು ಏನೋ ಆಗುತ್ತದೆ, ಓದುವವರು ಅದನ್ನು ಹಿಂಬಾಲಿಸಬೇಕು ಅನ್ನುವುದು ಕನ್ನಡದಲ್ಲಿ ಒಮ್ಮೆ ತಿಳಿದ ಮೇಲೆ ಇಂಗ್ಲಿಷ್ ಪುಟದ ಮುಂದೆಯೂ ಮಗು ಅದನ್ನೇ ಮಾಡುತ್ತದೆ. ಕನ್ನಡಕ್ಕೆ ಕೊಟ್ಟ ಸಮಯ ಇಂಗ್ಲಿಷಿನಿಂದ ಕಿತ್ತುಕೊಂಡಂತೆ ಅನ್ನುವ ಭಯವನ್ನು ದಯವಿಟ್ಟು ಬಿಡಿ.

ಶಾಲೆಗಳಿಂದ ನಾನು ಕೇಳುವುದು ಜಾಸ್ತಿ ಏನಿಲ್ಲ. ಟೈಮ್‌ಟೇಬಲ್‌ನಲ್ಲಿ ಬರೆದಿರುವ ಲೈಬ್ರರಿ ಪೀರಿಯಡ್‌ನಲ್ಲಿ ಲೈಬ್ರರಿಯ ಬೀರು ತೆಗೆಯಿರಿ, ಪುಸ್ತಕ ಹರಿದರೆ ಹರಿಯಲಿ. ನಾಲ್ಕು, ಐದನೇ ಕ್ಲಾಸಿನಲ್ಲಿ ಓದು ಬಾರದವರನ್ನು ಬೇರೆ ಕೂರಿಸಿ ಅಕ್ಷರದಿಂದ ಮತ್ತೆ ಶುರು ಮಾಡಿ, ಅದರಲ್ಲಿ ನಾಚಿಕೆ ಏನಿಲ್ಲ. ಓದು ಕರ್ನಾಟಕ ಅಂತ ಕಾರ್ಯಕ್ರಮ ಮಾಡಿದ್ದು ಇದಕ್ಕೇ ಅಲ್ವಾ? ಮತ್ತೆ ಸರ್ಕಾರ ಮೇಷ್ಟ್ರುಗಳನ್ನು ಮೇಷ್ಟ್ರುಗಳಾಗಿ ಇರಲು ಬಿಡಬೇಕು.

ಮನೆಯವರಿಗೂ ದಾರಿಗಳಿವೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರ ಆಗಿದೆ. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟರು. ನಮ್ಮ ಅಣ್ಣನ ಊರಿನಲ್ಲಿ ಸಂಜೆ ಹೋದರೆ ಬಾಗಿಲು ತೆಗೆದೇ ಇರುತ್ತದೆ, ಆದರೆ ಕೂತಿರುವವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ದೊಡ್ಡ ಹುಡುಗರು ಮಾತ್ರ. ನಿಮ್ಮ ಮಗುವಿನ ಕೈ ಹಿಡಿದು ಒಮ್ಮೆ ಒಳಗೆ ಕರೆದುಕೊಂಡು ಹೋಗಿ, ಕಾರ್ಡು ಮಾಡಿಸಿ. ಮೊಬೈಲ್ ಇದ್ದವರಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ, ಹಂತ ಹಂತವಾಗಿ ವಿಂಗಡಿಸಿದ್ದಾರೆ. ನಾನು ಅವನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಪಿನ್ ಹೊಡೆದು ಕೊಡುತ್ತೇನೆ. ಕಾಗದದ ಮೇಲೆ ಇದ್ದರೆ ಮಗು ಅದನ್ನು ತನ್ನದು ಅಂದುಕೊಳ್ಳುತ್ತದೆ, ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡುತ್ತದೆ.

ತಂಗಿಯ ಮಗ ಬರುವ ಜೂನ್‌ನಿಂದ ಶಾಲೆಗೆ ಹೋಗುತ್ತೇನೆ ಅನ್ನುತ್ತಿದ್ದಾನೆ. ಫುಟ್‌ಬಾಲ್ ಟೀಮು ಬೇಕಂತೆ. ತಂಗಿ ಬೇಡ ಅನ್ನಲಿಲ್ಲ. ಮನೆಯ ಹತ್ತಿರದ ಕನ್ನಡ ಮಾಧ್ಯಮದ ಅನುದಾನಿತ ಶಾಲೆಯೊಂದನ್ನು ನೋಡಿ ಬಂದಿದ್ದಾರೆ, ಅಲ್ಲಿನ ಹೆಡ್‌ಮಾಸ್ಟರು ಇವನ ಅಡುಗೆ ನೋಟ್‌ಬುಕ್ ಓದಿ ಪ್ರವೇಶ ಪರೀಕ್ಷೆ ಬೇಡ ಅಂದರಂತೆ. ಗಣಿತಕ್ಕೆ ಬೇಸಿಗೆಯಲ್ಲಿ ನನ್ನ ಹತ್ತಿರ ಬಂದು ಇರುತ್ತಾನೆ.

ಮನೆಯಲ್ಲಿ ಇವತ್ತೇ ಶುರು ಮಾಡಬೇಕು ಅನ್ನುವವರು ಮೊದಲ ಪುಸ್ತಕವನ್ನು ಮಗುವಿನ ಕ್ಲಾಸು ನೋಡಿ ಆರಿಸಬೇಡಿ. ಒಂದು ಪುಟ ಓದಿಸಿ, ಮಗು ಐದಕ್ಕಿಂತ ಹೆಚ್ಚು ಪದಗಳಿಗೆ ನಿಂತರೆ ಅದನ್ನು ಪಕ್ಕಕ್ಕಿಟ್ಟು ಇನ್ನೂ ಸುಲಭದ್ದು ತನ್ನಿ. ಆರನೇ ಕ್ಲಾಸಿನವರಿಗೆ ಪುಟಕ್ಕೆ ಎರಡೇ ಸಾಲಿನ ಪುಸ್ತಕ ಬೇಕಾದರೆ ಅದನ್ನೇ ಕೊಡಿ. ಓದುವಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ, ನಿಮ್ಮದೂ.